ಅರವತ್ತೆರಡಕ್ಕೆ ನಿಂತ ಲಾರಿ

ಮೊನ್ನೆ ಒಂದು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಹಳೆಯ ಡಬ್ಬಿಗಳನ್ನು ಬಿಚ್ಚಿ, ಬ್ಲೋವರ್ ಹಿಡಿದು ಧೂಳು ಊದುತ್ತಿದ್ದೆ. ಈಗ ನನ್ನ ಕೆಲಸ ಇಷ್ಟೇ. ದಾವಣಗೆರೆಯ ನಾಲ್ಕು ಶಾಲೆ, ಎರಡು ಕಚೇರಿಗಳ ಕಂಪ್ಯೂಟರುಗಳನ್ನು ವರ್ಷಕ್ಕೆರಡು ಸಲ ಬಿಚ್ಚುವುದು, ಊದುವುದು, ಮುಚ್ಚುವುದು. ಏಳನೆಯದೋ ಎಂಟನೆಯದೋ ಡಬ್ಬಿಯಿಂದ ಬಿಸಿ ಧೂಳಿನ ಜೊತೆ ವಿಭೂತಿಯ ವಾಸನೆ ಎದ್ದು ಬಂತು. ಆಯುಧ ಪೂಜೆಯ ದಿನ ಯಾರೋ ಭಕ್ತಿ ಹೆಚ್ಚಾಗಿ ಫ್ಯಾನಿನ ಬಾಯಿಗೇ ಬಳಿದಿರಬೇಕು. ಬ್ಲೋವರ್ ಆಫ್ ಮಾಡಿ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅಲ್ಲಿದ್ದ ಮೇಡಂ ಒಬ್ಬರು, "ಯಾಕ ಸರ್, ತಲೆ ಸುತ್ತು ಬಂತಾ?" ಎಂದು ಕೇಳಿದರು. ಗುತ್ತೂರು ನೆನಪಾಯಿತು ಎಂದರೆ ಅವರಿಗೇನು ಅರ್ಥವಾದೀತು? "ಹ್ಞೂಂ ಮೇಡಂ, ಬಿಸಿಲು" ಎಂದೆ.

ಹತ್ತು ಹನ್ನೆರಡು ವರ್ಷದ ಹಿಂದಿನ ಬೇಸಿಗೆ ಅದು. ಆಗ ನಿಜಲಿಂಗಪ್ಪ ಬಡಾವಣೆಯಲ್ಲಿ, ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ ಇತ್ತು. ಬೋರ್ಡಿನಲ್ಲಿ ರಿಪೇರಿ ಎಂದು ಬರೆಸಿದ್ದೆ. ಜನ ಬರುತ್ತಿದ್ದದ್ದು ಮಾತ್ರ ಆಟ ಹಾಕಿಸಿಕೊಳ್ಳಲು. ಇಂಟರ್ನೆಟ್ಟಿನಿಂದ ದೊಡ್ಡ ಆಟ ಇಳಿಸುವುದೆಂದರೆ ಆಗ ವಾರಗಟ್ಟಲೆ ಕಾಯುವ ಕೆಲಸ. ಹಾಗಾಗಿ ಊರಿಗೆಲ್ಲ ನನ್ನಂಥವರ ಡಿಸ್ಕುಗಳೇ ಗತಿ. ಹಾಗೆ ನಕಲು ಮಾಡಿ ಹಂಚುವುದು ತಪ್ಪೆಂದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು, ಎಲ್ಲರೂ ಮಾಡುತ್ತಿದ್ದರು, ನಾನೂ ಮಾಡಿದೆ.

ಮೊದಲೆಲ್ಲ ಡಿಸ್ಕನ್ನೇ ಕೈಯಲ್ಲಿ ಹಿಡಿದು ಮನೆಮನೆಗೆ ಹೋಗುತ್ತಿದ್ದೆ. ಗೀರು ಬಿದ್ದು ಬಿದ್ದು ಡಿಸ್ಕುಗಳು ಹಾಳಾಗತೊಡಗಿದಾಗ, ಆ ವರ್ಷ ಬೇಸಿಗೆ ಶುರುವಾಗುವ ಮೊದಲೇ ಎಲ್ಲದರ ಇಮೇಜ್ ಮಾಡಿಟ್ಟುಕೊಂಡೆ. ಇಮೇಜ್ ಎಂದರೆ ಚಿತ್ರವಲ್ಲ. ಡಿಸ್ಕಿನಲ್ಲಿ ಇರುವುದನ್ನೆಲ್ಲ ಇದ್ದದ್ದು ಇದ್ದ ಹಾಗೆ ಎರಕ ಹೊಯ್ದು ಒಂದೇ ಫೈಲು ಮಾಡುವುದು. ಡಿಸ್ಕು ಇಲ್ಲದಿದ್ದರೂ ಕಂಪ್ಯೂಟರು ಆ ಫೈಲನ್ನೇ ಡಿಸ್ಕೆಂದು ನಂಬುತ್ತದೆ. ಪೆನ್‌ಡ್ರೈವಿನಲ್ಲಿ ಜೇಬಿಗೆ ಹಾಕಿಕೊಂಡು ಹೋದರಾಯಿತು. ಬುದ್ಧಿವಂತನಾದೆ ಅಂದುಕೊಂಡಿದ್ದೆ. ಆದರೆ ಆ ಏಪ್ರಿಲ್ ತಿಂಗಳಿನಿಂದ ಫೋನು ಬಾಯಿ ಮುಚ್ಚಲಿಲ್ಲ. "ಅಣ್ಣಾ, ಆ ಲಾರಿ ಗೇಮ್ ಅರ್ಧಕ್ಕೇ ನಿಂತೈತೆ." "ಸರ್, ಮೌಸ್ ಸುದ್ದಾ ಅಲ್ಲಾಡವಲ್ದು." ನನ್ನ ಉತ್ತರ ಎಲ್ಲರಿಗೂ ಒಂದೇ: "ನಿಮ್ಮ ಸಿಸ್ಟಂ ಹಳೇದು." ನಮ್ಮ ಕಸುಬಿನಲ್ಲಿ ಮೊದಲು ಕಲಿಯುವ ಮಾತೇ ಅದು. ನಮ್ಮ ಮಾಲು ಸರಿ ಇದೆ, ನಿಮ್ಮ ಮಷಿನ್ ಸರಿ ಇಲ್ಲ.

ಗಿರಿಜಮ್ಮ ಅಂಗಡಿಯ ಮೆಟ್ಟಿಲು ಹತ್ತಿ ಬಂದದ್ದು ಅಂಥದೊಂದು ಮಧ್ಯಾಹ್ನ. ಐವತ್ತರ ಆಸುಪಾಸಿನ ಹೆಂಗಸು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೈಯಲ್ಲಿ ಬಟ್ಟೆಯ ಚೀಲ. ಹರಿಹರದ ಆಚೆ ಗುತ್ತೂರಿನಲ್ಲಿ ಮನೆ, ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ, ಈಗ ರಜೆ ಎಂದು ತಮ್ಮ ವಿವರ ತಾವೇ ಹೇಳಿಕೊಂಡರು. ಆಮೇಲೆ ಸ್ವಲ್ಪ ನಾಚಿಕೆಯಿಂದ ಕೇಳಿದರು.

"ಲಾರಿ ಓಡ್ಸೋ ಆಟ ಐತಂತಲ್ರಿ, ಕಂಪ್ಯೂಟರ್‌ನಾಗೆ?"

"ಐತೆ. ಯಾರಿಗ್ರಿ, ಮೊಮ್ಮಗಗೇನು?"

"ಅಲ್ರೀ, ನಮ್ಮನೆಯವ್ರಿಗೆ."

ಗಂಡ ಶೇಖರಪ್ಪ ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವರು. ಸಕ್ಕರೆ ಕಾಯಿಲೆ. ಸಂಕ್ರಾಂತಿಯ ಹೊತ್ತಿಗೆ ಪಾದದ ಗಾಯ ಕೊಳೆತು, ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಎಡಗಾಲು ಎಂದರೆ ಕ್ಲಚ್ಚಿನ ಕಾಲು. ಆಸ್ಪತ್ರೆಯಿಂದ ಬಂದವರು ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತವರು ಕೂತೇ ಇದ್ದರು. ಮಾತಿಲ್ಲ, ಹೊಟ್ಟೆ ತುಂಬ ಊಟವಿಲ್ಲ. ಜೂನ್ ಮೊದಲ ವಾರ ಕೃತಕ ಕಾಲಿನ ಅಳತೆ ತೆಗೆದುಕೊಳ್ಳುವವರು ಹರಿಹರಕ್ಕೆ ಬಂದು ಕ್ಯಾಂಪ್ ಮಾಡುತ್ತಾರಂತೆ. ಬರುವುದಿಲ್ಲ ಎಂದು ಶೇಖರಪ್ಪ ಕೈಸನ್ನೆಯಲ್ಲೇ ಹೇಳಿಬಿಟ್ಟಿದ್ದರು. ರಾಣೆಬೆನ್ನೂರಿಗೆ ಮದುವೆಯಾಗಿ ಹೋದ ಮಗಳು, ತಾನು ಡಿಪ್ಲೊಮಾ ಓದುವಾಗಿನ ಕಂಪ್ಯೂಟರು ಮನೆಯಲ್ಲೇ ಇದೆಯಲ್ಲ, ಅಪ್ಪನಿಗೆ ಲಾರಿ ಆಟ ಹಾಕಿಸಿಕೊಡು ಎಂದು ಫೋನಿನಲ್ಲಿ ಹೇಳಿದ್ದಳು.

"ಕ್ಯಾಂಪ್ ಬರೋದ್ರೊಳಗೆ ಒಂದೀಟು ಮನಸ್ಸು ತಿರುಗಿದ್ರೆ ಸಾಕು ನೋಡ್ರಿ. ಸ್ಟೇರಿಂಗ್ ಹಿಡಿದಂಗೆ ಆದ್ರೆ ತಿರುಗ್ತಾರೆ. ನಂಗೊತ್ತು ಅವ್ರ ಬುದ್ಧಿ" ಎಂದರು ಗಿರಿಜಮ್ಮ.

ಮರುದಿನವೇ ಹೋದೆ. ಬೈಕು ಗ್ಯಾರೇಜಿನಲ್ಲಿದ್ದುದರಿಂದ ಬಸ್ಸು. ಹರಿಹರದ ಸೇತುವೆಯ ಕೆಳಗೆ ಹೊಳೆ ಬಂಡೆಗಳ ಸಂದಿಯಲ್ಲಿ ಅಷ್ಟಿಷ್ಟು ಹರಿಯುತ್ತಿತ್ತು. ಗುತ್ತೂರಿನಲ್ಲಿ ಇಳಿದಾಗ ಯಾವುದೋ ಕಾರ್ಖಾನೆಯ ಶಿಫ್ಟು ಬಿಟ್ಟು, ಟಿಫಿನ್ ಡಬ್ಬಿ ಹಿಡಿದ ಜನ ಮುಖಕ್ಕೆ ಟವೆಲ್ ಮುಚ್ಚಿಕೊಂಡು ಹೋಗುತ್ತಿದ್ದರು. ಮನೆ ಎರಡು ಕೋಣೆಯದು, ಮೇಲೆ ತಗಡು. ಒಳಗಿನ ಸೆಕೆಯಲ್ಲಿ ರೊಟ್ಟಿ ಸುಡಬಹುದಿತ್ತು. ಶೇಖರಪ್ಪ ಮಂಚದ ಮೇಲೆ ಬೆನ್ನು ತೋರಿಸಿ ಕೂತಿದ್ದರು. ದೊಡ್ಡ ಆಳು, ದೊಡ್ಡ ಬೆನ್ನು. ನಮಸ್ಕಾರ ಹೇಳಿದೆ, ಅಲುಗಲಿಲ್ಲ.

ಪೆನ್‌ಡ್ರೈವ್ ಚುಚ್ಚಿ ಇನ್‌ಸ್ಟಾಲ್ ಶುರು ಮಾಡಿದೆ. ಪರದೆಯ ಮೇಲೆ ಕೆಂಪು ಲಾರಿಯ ಚಿತ್ರ, ಕೆಳಗೆ ಹಸಿರು ಪಟ್ಟಿ, ಸ್ಪೀಕರಿನಿಂದ ಇಂಜಿನ್ ಸ್ಟಾರ್ಟ್ ಆಗುವ ಸದ್ದು. ಆ ಸದ್ದಿಗೆ ಶೇಖರಪ್ಪನವರ ತಲೆ ನಿಧಾನಕ್ಕೆ ಈ ಕಡೆ ತಿರುಗಿತು. ಬಾಗಿಲಲ್ಲಿ ನಿಂತಿದ್ದ ಗಿರಿಜಮ್ಮ ಒಂದು ಹೆಜ್ಜೆ ಒಳಗೆ ಬಂದರು. ಹತ್ತು, ಮೂವತ್ತು, ಐವತ್ತು ಶೇಕಡಾ. ಅರವತ್ತೆರಡಕ್ಕೆ ಬಂದು ಪಟ್ಟಿ ನಿಂತಿತು. ಮೌಸ್ ಅಲುಗಲಿಲ್ಲ, ಕೀಬೋರ್ಡ್ ಕೇಳಲಿಲ್ಲ. ಹತ್ತು ನಿಮಿಷ ಕಾದು ನೋಡಿದೆ.

"ಇಂಜಿನ್ ಸೀಜ್ ಆದಂಗೈತೆ" ಎಂದರು ಶೇಖರಪ್ಪ. ಬಹಳ ದಿನ ಬಳಸದೆ ಗಂಟಲು ತುಕ್ಕು ಹಿಡಿದಿತ್ತು.

ಗಿರಿಜಮ್ಮ ಅಡುಗೆ ಕೋಣೆಗೆ ಓಡಿದರು. ಅತ್ತರೋ ಏನೋ ನೋಡಲಿಲ್ಲ, ಹೊರಗೆ ಬಂದಾಗ ಕೈಯಲ್ಲಿ ಮಜ್ಜಿಗೆ ಇತ್ತು. ಮೂರು ತಿಂಗಳಲ್ಲಿ ಅವರ ಗಂಡ ಆಡಿದ ಮೊದಲ ಮಾತಂತೆ ಅದು.

ಎರಡನೆಯ ಸಲ ಹೋದಾಗ ಪೂರ್ತಿ ಇಮೇಜನ್ನು ಪೆನ್‌ಡ್ರೈವಿನಿಂದ ಅವರ ಹಾರ್ಡ್‌ಡಿಸ್ಕಿಗೇ ಇಳಿಸಿಕೊಂಡೆ. ವೈರಸ್ ತಡೆಯುವ ತಂತ್ರಾಂಶ ಆಫ್ ಮಾಡಿದೆ, ಜಾಗ ಖಾಲಿ ಮಾಡಿದೆ. ಅರವತ್ತೆರಡು. ಶೇಖರಪ್ಪ ಆವತ್ತು ಮಂಚದ ಮೇಲೆಯೇ ಅರ್ಧ ತಿರುಗಿ ಕೂತು, "ಡೀಸೆಲ್ ಲೈನಿನಾಗೆ ಏರ್ ಹಿಡ್ದಿರಬೇಕು, ಮದ್ಲಿಂದ ಬಿಚ್ರಿ" ಎಂದು ಸಲಹೆ ಕೊಟ್ಟರು. ಮೊದಲಿಂದ ಬಿಚ್ಚುವುದೆಂದರೆ ನಮ್ಮಲ್ಲಿ ಫಾರ್ಮ್ಯಾಟ್. ಜ್ವರಕ್ಕೂ ನೆಗಡಿಗೂ ಒಂದೇ ಇಂಜೆಕ್ಷನ್ ಕೊಡುವ ಡಾಕ್ಟರರ ಹಾಗೆ, ಏನು ಕೆಟ್ಟರೂ ನಾನು ಮಾಡುತ್ತಿದ್ದದ್ದು ಅದೇ. ಮೂರನೆಯ ಸಲ ಬೆಳಿಗ್ಗೆಯೇ ಹೋಗಿ, ಮಗಳ ಫೋಟೊಗಳನ್ನೆಲ್ಲ ತೆಗೆದಿಟ್ಟು, ಫಾರ್ಮ್ಯಾಟ್ ಮಾಡಿ, ನಡುವೆ ಎರಡು ಸಲ ಕರೆಂಟು ಹೋಗಿ, ಬೆವರಿನಲ್ಲಿ ಅಂಗಿ ಮೈಗಂಟಿ, ಮಧ್ಯಾಹ್ನ ಮೂರಕ್ಕೆ ಮತ್ತೆ ಅದೇ ಹಸಿರು ಪಟ್ಟಿಯ ಮುಂದೆ ಕೂತೆ. ಅರವತ್ತೆರಡು.

"ಬಿಡ್ರಿ ಪಾಪ. ಅದಕ್ಕೂ ಕಾಲು ಹೋಗೈತೆ" ಎಂದು ಶೇಖರಪ್ಪ ಗೋಡೆಯ ಕಡೆ ತಿರುಗಿಕೊಂಡರು.

ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಬರುವಾಗ ಈ ಕಸುಬೇ ಬೇಡ ಅನ್ನಿಸಿಬಿಟ್ಟಿತು. ಊರೆಲ್ಲ ಹ್ಯಾಂಗ್, ಹ್ಯಾಂಗ್ ಎನ್ನುತ್ತಿದೆ. ಬಿಸಿಲಿಗೆ ತಲೆ ಬಿರಿಯುತ್ತಿದೆ. ಒಂದು ಆಟ ಹಾಕಲಾರದವನು ನಾನು ಯಾವ ಸೀಮೆಯ ಮೆಕ್ಯಾನಿಕ್? ಆದರೆ ಸುಸ್ತಾದವನಿಗೆ ತನ್ನ ಮೇಲೆ ಬರುವ ಸಿಟ್ಟು ಬಹಳ ಹೊತ್ತು ತನ್ನ ಮೇಲೆ ಉಳಿಯುವುದಿಲ್ಲ, ಎದುರಿಗೆ ಸಿಕ್ಕವರ ಮೇಲೆ ಹೋಗುತ್ತದೆ.

ನಾಲ್ಕನೆಯ ಸಲ ಡಬ್ಬಿಯನ್ನೇ ಬಿಚ್ಚಿದೆ. ಬಿಚ್ಚಿದವನು ಹೌಹಾರಿದೆ. ಒಳಗೆಲ್ಲ ವಿಭೂತಿ. ಫ್ಯಾನಿನ ರೆಕ್ಕೆಗೆ, ಅದರ ಕೆಳಗಿನ ಲೋಹದ ಪಟ್ಟಿಗಳ ಸಂದಿಗೆ, ಮೆತ್ತಗೆ ಬೂದು ಬಣ್ಣದ ಪದರ. ಗಾಳಿ ಆಡದಿದ್ದರೆ ಮಷಿನ್ ಬಿಸಿಯಾಗಿ ನಿಲ್ಲುತ್ತದೆ. ಗಿರಿಜಮ್ಮ ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಡಬ್ಬಿಗೂ ಮೂರು ಬೆರಳು ವಿಭೂತಿ ಎಳೆಯುತ್ತಿದ್ದರು. ಕಂಪ್ಯೂಟರಿನ ಹಣೆ ಯಾವುದು ಎಂದು ಅವರಿಗೇನು ಗೊತ್ತು? ಗಾಳಿ ಎಳೆದುಕೊಳ್ಳುವ ಜಾಲರಿಯೇ ಹಣೆಯ ಹಾಗೆ ಕಂಡಿತ್ತು. ನನ್ನ ತಲೆಗೆ ಸಿಟ್ಟು ಏರಿದ್ದು ಈಗಲೂ ನೆನಪಿದೆ, ಜೊತೆಗೆ ಸಣ್ಣದೊಂದು ಖುಷಿಯೂ. ಕೊನೆಗೂ ತಪ್ಪು ಸಿಕ್ಕಿತಲ್ಲ, ಅದೂ ಇನ್ನೊಬ್ಬರದು.

"ಏನಮ್ಮಾ ಇದು! ನಾಲ್ಕು ಸಲ ಬಂದೆ ನಾನು, ಬಿಸಿಲಾಗೆ. ನೀವು ಹಚ್ಚಿದ ವಿಭೂತಿಯಿಂದ್ಲೇ ಕೆಟ್ಟಿದ್ದು ಇದು. ತಿಳಿದೋರನ್ನ ಒಂದು ಮಾತು ಕೇಳಬಾರದೇನ್ರಿ, ಹಚ್ಚೋಕಿಂತ ಮುಂಚೆ?"

ಜೋರಾಗಿಯೇ ಹೇಳಿದೆ. ಗಿರಿಜಮ್ಮನ ಮುಖ ಬಿಳುಚಿಕೊಂಡಿತು. ಒಂದು ಆಟದ ವಿಷಯಕ್ಕೆ ಯಾರ ಮುಖವೂ ಹಾಗೆ ಆಗಬಾರದು, ಅದು ಅಲ್ಲಿಯೇ ನನಗೆ ಹೊಳೆಯಬೇಕಿತ್ತು. ಮಂಚದ ಮೇಲಿದ್ದ ಶೇಖರಪ್ಪ ತಲೆ ತಗ್ಗಿಸಿ, ಟವೆಲನ್ನು ಮುಖದ ಮೇಲೆ ಎಳೆದುಕೊಂಡರು. ನಾನು ಬ್ರಷ್ಷು ಹಿಡಿದು ಅರ್ಧ ಗಂಟೆ ಒಳಗೆಲ್ಲ ಸ್ವಚ್ಛ ಮಾಡಿದೆ. ಇನ್ನೇನು ಶುರು ಮಾಡಬೇಕು ಅನ್ನುವಾಗ ಕರೆಂಟು ಹೋಯಿತು, ಸಂಜೆಯವರೆಗೂ ಬರುವುದಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು. ಇನ್ನೊಂದು ದಿನ ಬರುತ್ತೇನೆ, ಅಲ್ಲಿಯವರೆಗೆ ವಿಭೂತಿ ಮಾತ್ರ ತಾಗಿಸಬೇಡಿ ಎಂದು ಚೀಲ ಹೆಗಲಿಗೇರಿಸಿದೆ.

ಗಿರಿಜಮ್ಮ ಬಸ್‌ಸ್ಟಾಪಿನವರೆಗೂ ಹಿಂದೆಯೇ ಬಂದರು. ಬೇವಿನ ಮರದ ನೆರಳಲ್ಲಿ ನಿಂತು, ರಸ್ತೆ ನೋಡುತ್ತ ಹೇಳಿದರು.

"ಡಾಕ್ಟ್ರೂ ಹಿಂಗೇ ಅಂದ್ರು ಸರ್. ಅವ್ರ ಕಾಲಾಗೆ ಗಾಯ ಆಗಿತ್ತಲ್ರಿ, ಶೂ ಕಚ್ಚಿ. ಶೂ ಕಚ್ಚಿದ್ದು ಅಷ್ಟೇ ಅಂತ ನಾನು ಎರಡು ದಿನ ವಿಭೂತಿ ಹಚ್ಚಿ ಬಟ್ಟೆ ಕಟ್ಟಿದ್ದೆ. ಮೂರನೇ ದಿನ ಕರ್ಕಂಡು ಹೋದ್ವಿ. ಇದನ್ನ ಹಚ್ಚಿ ಕುಂತ್ರೆ ಕಾಲು ಉಳೀತೈತೇನಮ್ಮಾ, ಅಂದ್ರು ಡಾಕ್ಟ್ರು. ಎಲ್ಲಾರ ಎದುರಿಗೆ ಅಂದ್ರು. ಅವತ್ತಿಂದ ಇವ್ರು ನನ್ನ ಮುಖ ನೋಡಿ ಮಾತಾಡಿಲ್ಲ. ನಾನು ಹಚ್ಚಿದ್ದೆಲ್ಲ ಕೆಡ್ತೈತೆ ನೋಡ್ರಿ."

ಬಸ್ಸು ಬಂತು, ಹತ್ತಿಬಿಟ್ಟೆ. ಹೇಳಬೇಕಾದ ಮಾತು ಗೊತ್ತಿಲ್ಲದಿದ್ದರೆ ಬಸ್ಸಿನಷ್ಟು ಉಪಕಾರಿ ಬೇರೆ ಯಾವುದೂ ಇಲ್ಲ.

ಹತ್ತು ದಿನ ಆ ಕಡೆ ಹೋಗಲಿಲ್ಲ. ಮದುವೆಗಳು, ಬೇರೆ ಕೆಲಸಗಳು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಆ ಮನೆಯ ಬಾಗಿಲು ತುಳಿಯಲು ಮುಖವಿರಲಿಲ್ಲ. ಒಂದು ಬೆಳಿಗ್ಗೆ ಗಿರಿಜಮ್ಮನೇ ಫೋನು ಮಾಡಿದರು. "ಹಚ್ಚಿಲ್ರಿ ಸರ್, ಒಂದು ದಿನಾನೂ ಹಚ್ಚಿಲ್ಲ. ಈಗರ ಬರ್ತೀರಾ? ಕ್ಯಾಂಪ್ ಹತ್ರ ಬಂತು." ಈ ವಾರ ಖಂಡಿತ ಎಂದೆ.

ಅದೇ ದಿನ ಮಧ್ಯಾಹ್ನ ಎಸ್.ಎಸ್. ಬಡಾವಣೆಯ ಒಂದು ಮನೆಗೆ ಹೋಗಿದ್ದೆ. ಹತ್ತಿ ವ್ಯಾಪಾರಿಯ ಮನೆ, ತಣ್ಣಗಿನ ಎ.ಸಿ. ಕೋಣೆ, ಹಿಂದಿನ ದಿನವಷ್ಟೇ ಬಂದಿಳಿದ ಕಂಪ್ಯೂಟರು, ಮೇಲಿನ ಪ್ಲಾಸ್ಟಿಕ್ ಹಾಳೆ ಸಹ ತೆಗೆದಿರಲಿಲ್ಲ. ಧೂಳಿಲ್ಲ, ಬಿಸಿ ಇಲ್ಲ, ವಿಭೂತಿಯಂತೂ ಇಲ್ಲವೇ ಇಲ್ಲ. ಅವರಿಗೂ ಅದೇ ಲಾರಿ ಆಟ ಬೇಕಿತ್ತು. ಪೆನ್‌ಡ್ರೈವ್ ಚುಚ್ಚಿದೆ. ಅರವತ್ತೆರಡಕ್ಕೆ ನಿಂತಿತು.

ಆ ಎ.ಸಿ.ಯಲ್ಲಿ ನನಗೆ ಬೆವರು ಬಂತು. ಬಿಸಿಯಿಂದ ನಿಲ್ಲುವ ಮಷಿನ್ ಒಂದು ಸಲ ನಲವತ್ತಕ್ಕೆ ನಿಲ್ಲುತ್ತದೆ, ಒಂದು ಸಲ ಎಂಬತ್ತಕ್ಕೆ. ಎಲ್ಲ ಮನೆಯಲ್ಲೂ, ಎಲ್ಲ ಸಲವೂ ಒಂದೇ ಅಂಕಿಗೆ ನಿಂತರೆ ತಪ್ಪು ಮಷಿನಿನದಲ್ಲ, ಫೈಲಿನದು. ಇಷ್ಟು ಸಣ್ಣ ತರ್ಕ ಒಂದೂವರೆ ತಿಂಗಳು ನನ್ನ ತಲೆಗೆ ಬಂದಿರಲಿಲ್ಲ. ಬಂದಿರಲಿಲ್ಲವೋ, ನಾನೇ ಬರಗೊಟ್ಟಿರಲಿಲ್ಲವೋ. ಇಮೇಜ್ ಮಾಡಿದ ಆ ಬೆಳಿಗ್ಗೆ ಈಗ ಕಣ್ಣ ಮುಂದೆ ಬಂತು. ಹತ್ತು ಗಂಟೆಗೆ ಕರೆಂಟು ತೆಗೆಯುವ ಹೊತ್ತು. ಅಷ್ಟರೊಳಗೆ ಮುಗಿಸಬೇಕು ಎಂದು ಗಡಿಯಾರ ನೋಡುತ್ತ ಕೂತಿದ್ದೆ. ಅರ್ಧ ದಾಟಿದ ಮೇಲೆ, ಡಿಸ್ಕಿನ ಈ ಭಾಗ ಓದಲಾಗುತ್ತಿಲ್ಲ, ಬಿಟ್ಟು ಮುಂದೆ ಹೋಗಲೇ ಎಂದು ಪರದೆ ಕೇಳಿತ್ತು. ಹೋಗು ಎಂದು ಒತ್ತಿದ್ದೆ. ಹತ್ತಕ್ಕೆ ಐದು ನಿಮಿಷ ಇರುವಾಗ ಕೆಲಸ ಮುಗಿದಿತ್ತು, ನಾನು ಗೆದ್ದೆ ಎಂದು ಕೆಳಗಿಳಿದು ಚಹಾ ಕುಡಿದಿದ್ದೆ. ಒಮ್ಮೆಯೂ ಆ ಫೈಲನ್ನು ಹಾಕಿ ನೋಡಿರಲಿಲ್ಲ. ಅಂಗಡಿಯ ಮಷಿನಿನಲ್ಲಿ ಆಟ ಚೆನ್ನಾಗಿಯೇ ಓಡುತ್ತಿತ್ತು, ಏಕೆಂದರೆ ಅಲ್ಲಿ ಡಿಸ್ಕಿನಿಂದಲೇ ಮೊದಲೇ ಹಾಕಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲ ಡೊಂಕು ಅಂದದ್ದಷ್ಟೇ ಅಲ್ಲ, ನೆಲವನ್ನು ನಿಲ್ಲಿಸಿಕೊಂಡು ಬೈದು ಬಂದಿದ್ದೆ.

ಅಂಗಡಿಗೆ ಹೋಗಿ ಹಳೆಯ ಡಿಸ್ಕು ಹುಡುಕಿ ತೆಗೆದೆ. ಹಲ್ಲುಜ್ಜುವ ಪೇಸ್ಟು ಸವರಿ, ಮೆತ್ತನೆ ಬಟ್ಟೆಯಿಂದ ಒಳಗಿನಿಂದ ಹೊರಕ್ಕೆ ತಿಕ್ಕಿ ತಿಕ್ಕಿ ಗೀರು ಇಳಿಸಿದೆ. ತೀರಾ ಕಡಿಮೆ ವೇಗದಲ್ಲಿ ಇಟ್ಟು ಹೊಸ ಇಮೇಜ್ ಮಾಡಿದೆ. ಒಂದು ಸಲ ಕರೆಂಟು ಹೋಗಿ ಎಲ್ಲ ವ್ಯರ್ಥವಾಯಿತು. ಮತ್ತೆ ಮೊದಲಿಂದ. ಈ ಸಲ ಪರದೆ ಏನೂ ಕೇಳಲಿಲ್ಲ. ಬೇರೊಂದು ಮಷಿನಿಗೆ ಹಾಕಿ, ಅರವತ್ತೆರಡು ದಾಟಿ ನೂರು ಆಗುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ.

ಮೇ ಕೊನೆಯ ಶನಿವಾರ ಗುತ್ತೂರಿಗೆ ಹೋದೆ. ಬಾಗಿಲು ತೆರೆದ ಗಿರಿಜಮ್ಮನ ಹಣೆಯ ಮೇಲೆ ಕುಂಕುಮ ಮಾತ್ರ ಇತ್ತು. ನನಗೆ ನೆಲ ನೋಡುವ ಹಾಗಾಯಿತು. ಕೂತು ಕೆಲಸ ಶುರು ಮಾಡಿದೆ. ಪಟ್ಟಿ ಅರವತ್ತೊಂದಕ್ಕೆ ಬಂದಾಗ ಶೇಖರಪ್ಪನ ಬೆನ್ನು ಕೂಡ ಕಾಯುತ್ತಿರುವುದು ಗೊತ್ತಾಗುತ್ತಿತ್ತು. ಅರವತ್ತೆರಡು. ಅರವತ್ತಮೂರು. ಆಮೇಲೆ ಸರಸರನೆ ನೂರು.

ಅವರನ್ನು ಹಿಡಿದು ಕುರ್ಚಿಗೆ ತಂದು ಕೂರಿಸಿದೆವು. ಯಾವ ಗುಂಡಿ ಏನು ಎಂದು ತೋರಿಸಿಕೊಟ್ಟೆ. ಮೊದಲು ಎರಡು ಸಲ ಬೇಲಿಗೆ ಗುದ್ದಿದರು. ಮೂರನೆಯ ಸಲ ಲಾರಿ ಹೆದ್ದಾರಿಗೆ ಬಂತು, ಯಾವುದೋ ಪರದೇಶದ ಹೆದ್ದಾರಿ.

"ಇದೇನ್ರಿ, ಎಲ್ಲಾ ರಾಂಗ್ ಸೈಡಿನಾಗೆ ಬರ್ತಾರೆ" ಎಂದರು. ಎದುರಿನ ಕಾರಿನವನಿಗೆ, ಮನೆಯಲ್ಲಿ ಹೇಳಬಾರದ ಒಂದು ಮಾತನ್ನೂ ಹೇಳಿದರು. ಗಿರಿಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

"ವಿಭೂತಿ ಬಿಟ್ಟಿದ್ದು ಚೊಲೋ ಆತು ನೋಡ್ರಿ ಸರ್. ನೀವು ಬೈದಿದ್ದೇ ಒಳ್ಳೇದಾತು."

ಹೌದು ಎಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಆಟ ಓಡುತ್ತಿತ್ತು, ಮನುಷ್ಯ ತಿರುಗಿದ್ದ, ನಾನು ಬಸ್ಸು ಹತ್ತಬಹುದಿತ್ತು. ತಲೆಯಾಡಿಸಲು ಹೊರಟವನೇ ವಿಭೂತಿ ಇಲ್ಲದ ಅವರ ಹಣೆ ನೋಡಿ ನಿಂತೆ.

"ಇಲ್ಲ ಗಿರಿಜಮ್ಮ. ವಿಭೂತಿಯಿಂದ ಏನೂ ಆಗಿರಲಿಲ್ಲ. ನನ್ನ ಫೈಲೇ ಮೊದಲಿಂದ ಕೆಟ್ಟಿತ್ತು. ನಾನೇ ಅವಸರ ಮಾಡಿ ಕೆಡಿಸಿದ್ದೆ, ಅದು ತಿಳೀದೆ ನಿಮ್ಮನ್ನ ಬೈದೆ. ತಪ್ಪು ನಂದು."

ಅವರು ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ.

"ಅಂದ್ರೆ ನಂದು ಏನೂ ಇದ್ದಿಲ್ಲ?"

"ಏನೂ ಇದ್ದಿಲ್ಲ."

"ಕಾಲಿಂದೂ ಯಾರರ ಹಿಂಗೆ ಬಂದು ಹೇಳಂಗಿದ್ರೆ" ಎಂದು ಅರ್ಧಕ್ಕೇ ನಿಲ್ಲಿಸಿ, ನಾನು ಕುಡಿದಿಟ್ಟ ಮಜ್ಜಿಗೆ ಲೋಟ ತೆಗೆದುಕೊಳ್ಳಲು ಬಗ್ಗಿದರು.

ಪರದೆಯ ಮೇಲೆ ಲಾರಿ ನಿಂತಿತು. ಹ್ಯಾಂಗ್ ಆಗಿರಲಿಲ್ಲ, ಶೇಖರಪ್ಪ ಬೆರಳು ತೆಗೆದಿದ್ದರು. ತಿರುಗದೆಯೇ ಹೇಳಿದರು.

"ಗಿರಿಜಾ, ಆ ಗಾಯ ನಿಂಗೆ ತೋರಿಸೋ ಹೊತ್ತಿಗೆ ಹನ್ನೆರಡು ದಿನ ಆಗಿತ್ತು. ಪುಣೆ ಲೋಡಿಗೆ ಹೋದಾಗ್ಲೇ ಕೀವು ಕಟ್ಟಿತ್ತು. ಸಾಕ್ಸ್ ಮ್ಯಾಲೆ ಸಾಕ್ಸ್ ಹಾಕ್ಕಂಡು ಓಡಿಸ್ದೆ. ನಿನ್ನ ಎರಡು ದಿನದಾಗೆ ಏನೂ ಆಗಿಲ್ಲ. ಡಾಕ್ಟ್ರು ನಿಂಗೆ ಅಂದಾಗ ನಾನು ಸುಮ್ನಿದ್ದೆ."

ಲೋಟ ಹಿಡಿದು ಬಗ್ಗಿದವರು ಹಾಗೆಯೇ ಕೆಳಗೆ ಕೂತರು. ತಗಡಿನ ಮೇಲೆ ಯಾವುದೋ ಹಕ್ಕಿ ನಡೆದಾಡುತ್ತಿತ್ತು. ನಾನು ಎಲ್ಲಿ ನೋಡಬೇಕೋ ತಿಳಿಯದೆ ವೈರು ಸುತ್ತತೊಡಗಿದೆ.

"ಯಾಕ ಹೇಳ್ಲಿಲ್ರಿ?" ಎಂದರು ಕೊನೆಗೆ.

"ನೀ ಬೈತಿದ್ದಿ."

"ಬೈತಿದ್ನಾ?" ಗಿರಿಜಮ್ಮ ಎದ್ದು ನಿಂತರು. "ಬೈತಿದ್ನಾ ನಾನು? ಇಷ್ಟು ತಿಂಗಳು ನನ್ನ ಕೊಂದು ಹಾಕೀರಲ್ಲ, ಅದು ಚೊಲೋ ಆತಾ?" ಅಲ್ಲಿಂದ ಶುರುವಾಯಿತು. ಪುಣೆಯ ಲೋಡು, ಆ ಸಾಕ್ಸು, ಸಕ್ಕರೆ ಮಾತ್ರೆ ಬಿಟ್ಟು ಕುಡಿದ ಢಾಬಾದ ಚಹಾ, ಮದುವೆಯಾದ ವರ್ಷದ ಯಾವುದೋ ಸುಳ್ಳು, ಒಂದನ್ನೂ ಬಿಡಲಿಲ್ಲ. ನಾನು ಚೀಲ ಎತ್ತಿಕೊಂಡು ಮೆಲ್ಲಗೆ ಹೊರಬಿದ್ದೆ. ಬೇವಿನ ಮರದವರೆಗೂ ಅವರ ದನಿ ಕೇಳುತ್ತಿತ್ತು. "ಸೋಮವಾರ ಸುಮ್ನೆ ಕ್ಯಾಂಪಿಗೆ ನಡೀರಿ. ಇಲ್ಲಾಂದ್ರೆ ನಾನೇ ಹೊತ್ಕಂಡು ಹೋಗ್ತೀನಿ, ಓಣಿ ಮಂದಿ ನೋಡಿದ್ರೆ ನೋಡ್ಲಿ." ಅವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ಒಳಗಿನಿಂದ ಆ ದೊಡ್ಡ ಮನುಷ್ಯನ ಸಣ್ಣ ದನಿ ಬಂತು.

"ಬರ್ತೀನಿ ಮಾರಾಯ್ತಿ, ಬರ್ತೀನಿ. ಇನ್ನಷ್ಟು ಬೈ."